ಬಾವುಟ ಏರಿಸಿದವರು ಯಾರು?

ಡೊಂಬಿವಲಿಯ ಲೇಖಕಿಗೆ,

ನಮಸ್ಕಾರ. ‘ಮುಂಬಯಿಯ ಧ್ವಜಗಳು ಮತ್ತು ಅವುಗಳ ಸಂಕೇತ’ ಲೇಖನ ಕೈಸೇರಿತು. ಮಾಹಿತಿ ಕಲೆಹಾಕಲು ಶ್ರಮಪಟ್ಟಿದ್ದೀರಿ, ಭಾಷೆ ಶುದ್ಧವಾಗಿದೆ. ಆದರೆ ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಎರಡು ಕಡೆ ನನಗೆ ಸುಮ್ಮನಿರಲಾಗಲಿಲ್ಲ, ಅಷ್ಟನ್ನೇ ಬರೆಯುತ್ತೇನೆ.

ನಿಮ್ಮ ಮೂರನೆಯ ಪ್ಯಾರಾ: ‘1942ರ ಆಗಸ್ಟ್ 9ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅಶೋಕ ಚಕ್ರವುಳ್ಳ ತ್ರಿವರ್ಣ ಧ್ವಜ ಹಾರಿತು. ಕೇಸರಿ ತ್ಯಾಗದ, ಬಿಳಿ ಶಾಂತಿಯ, ಹಸಿರು ಸಮೃದ್ಧಿಯ ಸಂಕೇತ.’

ಅಂದಿನ ಬಾವುಟದಲ್ಲಿ ಅಶೋಕ ಚಕ್ರ ಇರಲಿಲ್ಲ, ಚರಕ ಇತ್ತು. ಅದು ಕಾಂಗ್ರೆಸ್ 1931ರಲ್ಲಿ ಒಪ್ಪಿಕೊಂಡ ಬಾವುಟ. ಚಕ್ರವಿರುವ ಧ್ವಜವನ್ನು ಸಂವಿಧಾನ ಸಭೆ ಅಂಗೀಕರಿಸಿದ್ದು 1947ರ ಜುಲೈ 22ರಂದು. ಬರೀ ಇಸವಿಯ ಎಡವಟ್ಟಾಗಿದ್ದರೆ ನಾನೇ ತಿದ್ದಿ ಮುಂದೆ ಹೋಗುತ್ತಿದ್ದೆ. ಬರೆಯುವಾಗ ಆ ಬಾವುಟ ನಿಮ್ಮ ಕಣ್ಣ ಮುಂದೆ ಇರಲೇ ಇಲ್ಲ ಎಂಬುದು ನನ್ನ ತಕರಾರು. ಇನ್ನು ಬಣ್ಣದ ಮಾತು. 1931ರಲ್ಲಿ ಕಾಂಗ್ರೆಸ್ ಹಸಿರಿಗೆ ಕೊಟ್ಟ ಅರ್ಥ ಸಮೃದ್ಧಿಯಲ್ಲ, ಶ್ರದ್ಧೆ ಮತ್ತು ಶೌರ್ಯ. ಇದು ಹಿಂದೂಗಳ ಬಣ್ಣ, ಅದು ಮುಸಲ್ಮಾನರ ಬಣ್ಣ ಎಂಬ ಹಂಚಿಕೆಗೆ ಕೊನೆ ಹಾಡಲೆಂದೇ ಆ ವಿವರಣೆ ಬಂತು. ಇದನ್ನೆಲ್ಲ ಬಿಟ್ಟು ಶಾಲೆಯ ಗೋಡೆಯ ಮೇಲಿನ ಸಾಲನ್ನು ಎತ್ತಿಕೊಂಡಿದ್ದೀರಿ.

‘ಧ್ವಜ ಹಾರಿತು’ ಅಂತೀರಲ್ಲ, ತಾನಾಗಿಯೇ ಹಾರಿತೇ? ಹಿಂದಿನ ದಿನ ಅಲ್ಲಿಯೇ ‘ಭಾರತ ಬಿಟ್ಟು ತೊಲಗಿ’ ಠರಾವು ಆಗಿತ್ತು. ಬೆಳಗಾಗುವ ಮೊದಲೇ ಗಾಂಧೀಜಿಯೂ ಸೇರಿ ದೊಡ್ಡ ನಾಯಕರನ್ನೆಲ್ಲ ಪೊಲೀಸರು ಹಿಡಿದೊಯ್ದರು. ಬಾವುಟ ಏರಿಸಬೇಕಾದವರೇ ಇಲ್ಲದ ಮೈದಾನದಲ್ಲಿ ಅದನ್ನು ಏರಿಸಿದ್ದು ಅರುಣಾ ಅಸಫ್ ಅಲಿ. ಆಗ ಅವರಿಗೆ ಮೂವತ್ತಮೂರು ವರ್ಷ. ಪೊಲೀಸರು ಅಶ್ರುವಾಯು ಸಿಡಿಸಿದರು. ನಿಮ್ಮ ಪ್ಯಾರಾದಲ್ಲಿ ಈ ಹೆಣ್ಣುಮಗಳ ಹೆಸರೇ ಇಲ್ಲ.

ಎರಡನೆಯದು ಓದಿ ನಿಜಕ್ಕೂ ಸಿಟ್ಟು ಬಂತು: ‘1946ರ ನೌಕಾ ಬಂಡಾಯದಲ್ಲಿ ಹಡಗುಗಳ ಮೇಲೆ ವಿವಿಧ ಧ್ವಜಗಳು ಕಂಗೊಳಿಸಿದವು.’ ಒಂದೇ ಸಾಲು! ಯಾವ ಧ್ವಜಗಳು? ಕಾಂಗ್ರೆಸ್ಸಿನ ತ್ರಿವರ್ಣ, ಮುಸ್ಲಿಂ ಲೀಗಿನ ಹಸಿರು, ಕಮ್ಯುನಿಸ್ಟರ ಕೆಂಪು. ಫೆಬ್ರವರಿ 18ರಂದು ಕೊಲಾಬಾದ ‘ತಲ್ವಾರ್’ ನೆಲೆಯಲ್ಲಿ ಮುಷ್ಕರ ಶುರುವಾಯಿತು. ಅದು ನೌಕಾದಳದವರಿಗೆ ಸಂದೇಶ ಕಳಿಸುವ ವಿದ್ಯೆ ಕಲಿಸುತ್ತಿದ್ದ ಜಾಗ. ಕೆಟ್ಟ ಊಟ, ಬಿಳಿಯ ಅಧಿಕಾರಿಗಳ ಬೈಗುಳ ಸಹಿಸಿ ಸಾಕಾಗಿದ್ದ ಹುಡುಗರು ಬ್ರಿಟಿಷರ ಬಾವುಟ ಇಳಿಸಿ ಈ ಮೂರನ್ನೂ ಜೊತೆಗೆ ಏರಿಸಿದರು. ಫೆಬ್ರವರಿ 22ರಂದು ಅವರ ಬೆಂಬಲಕ್ಕೆ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಸರಕಾರ ಗುಂಡು ಹಾರಿಸಿತು, ಈ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಂದೂವರೆ ವರ್ಷದಲ್ಲಿ ದೇಶವೇ ಎರಡಾಯಿತು. ಮುಂಬಯಿಯ ಬಂದರಿನಲ್ಲಿ ಆ ಮೂರು ಬಾವುಟ ಒಟ್ಟಿಗೆ ಹಾರಿದ್ದಕ್ಕಿಂತ ದೊಡ್ಡ ಸಂಕೇತ ನಿಮಗೆ ಬೇರೇನು ಬೇಕಿತ್ತು? ಮೂರನ್ನೂ ‘ವಿವಿಧ’ದಲ್ಲಿ ಮುಳುಗಿಸಿಬಿಟ್ಟಿರಿ.

ನಾನು ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಒಂದು ಮಾಸಿಕದ ಕರಡಚ್ಚು ತಿದ್ದಲು ಕೂತವನು. ಅಲ್ಲಿನ ಸಂಪಾದಕರನ್ನು ಮಾಸ್ತರು ಅನ್ನುತ್ತಿದ್ದೆವು. ಮೀನುಗಾರರ ಹಬ್ಬವಾದ ನಾರಳಿ ಪೂರ್ಣಿಮೆಗೆ ಒಂದು ಬರಹ ಬೇಕೆಂದು ನನ್ನನ್ನು ಮೀನುದೋಣಿಗಳು ನಿಲ್ಲುವ ಸಸೂನ್ ಡಾಕಿಗೆ ಅಟ್ಟಿದರು. ‘ಬಾವುಟ ಕಟ್ಟುವವನ ಪಕ್ಕ ಹೋಗಿ ನಿಲ್ಲು. ಅರ್ಥ ಕೇಳಬೇಡ, ಕೈ ನೋಡು’ ಅಂದರು. ಹೋಗಿ ನಿಂತೆ. ಮುದುಕನೊಬ್ಬ ದೋಣಿಯ ಬಿದಿರಿನಿಂದ ಹಳೆಯ ಬಾವುಟ ಬಿಚ್ಚುತ್ತಿದ್ದ. ಉಪ್ಪು ಹಿಡಿದು ಬಟ್ಟೆ ಸೆಟೆದಿತ್ತು. ಬಿದಿರಿನ ಕಡೆಯ ಅಂಚು ಗಟ್ಟಿಯಾಗಿಯೇ ಇತ್ತು, ಆಚೆಯ ಅಂಚನ್ನು ಗಾಳಿ ತಿಂದು ನೂಲುನೂಲು ಮಾಡಿತ್ತು. ಅದನ್ನು ನಾಲ್ಕಾಗಿ ಮಡಚಿ ಎಂಜಿನ್ನಿನ ಬದಿಗೆ ಜೋಪಾನವಾಗಿ ಇಟ್ಟ. ಹೊಸದನ್ನು ನೈಲಾನ್ ದಾರದಿಂದ ಕಟ್ಟಿ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. ಕಂಡಷ್ಟನ್ನೇ ಬರೆದುಕೊಟ್ಟೆ. ಮಾಸ್ತರು ಒಂದಕ್ಷರ ಅಳಿಸದೆ ಅಚ್ಚಿಗೆ ಕಳಿಸಿದರು. ಇವತ್ತಿಗೂ ಯಾರದೇ ಲೇಖನ ಬರಲಿ, ನಾನು ಮೊದಲು ಹುಡುಕುವುದು ಅಂಥ ಕೈಗಳನ್ನೇ.

ನಿಮ್ಮ ಉಳಿದ ಪ್ಯಾರಾಗಳ ಬಗ್ಗೆ ಈಗ ಮಾತು ಬೇಡ. ಮಹಾನಗರಪಾಲಿಕೆಯ ಲಾಂಛನ, ವಿದೇಶದಲ್ಲಿ ಬಾವುಟ ಹಾರಿಸಿದ ಮೇಡಂ ಕಾಮಾ ಎಲ್ಲವನ್ನೂ ಪಕ್ಕಕ್ಕಿಡಿ. 1942 ಮತ್ತು 1946, ಇವೆರಡೇ ಸಾಕು. ಕೊಲಾಬಾದಲ್ಲಿ ನೌಕಾ ಬಂಡಾಯದ ಸ್ಮಾರಕವಿದೆ, ನೋಡಿ ಬನ್ನಿ. ಅಲ್ಲಿಂದ ಆ ಗೋವಾಲಿಯಾ ಟ್ಯಾಂಕಿಗೂ, ಅಂದರೆ ಈಗಿನ ಆಗಸ್ಟ್ ಕ್ರಾಂತಿ ಮೈದಾನಕ್ಕೂ ಹೋಗಿ. ಆಗಸ್ಟ್ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ತೆಗೆದಿಡುತ್ತೇನೆ. ಜುಲೈ 10ರೊಳಗೆ ಕೈಸೇರಲಿ.

ಸಂಪಾದಕ