ಸ್ಟೇಬಲ್ ರಿಲೀಸ್‌ಗೆ ಹೊಸ ವಾರ್ನಿಂಗ್ ಸೇರಿಸಿದರೆ ತಪ್ಪೇನು?

ವಾರ್ನಿಂಗ್ ಬಂದರೂ ಪ್ರೋಗ್ರಾಂ ಓಡುತ್ತೆ, ಹಾಗಿದ್ದಮೇಲೆ ಭಾಷೆಯ ಸ್ಟೇಬಲ್ ಆವೃತ್ತಿಗೆ ಬರುವ ಸಣ್ಣ ಅಪ್‌ಡೇಟ್‌ನಲ್ಲಿ ಅದನ್ನು ಯಾಕೆ ಸೇರಿಸಬಾರದು ಅಂತ ಕೇಳಿದ್ದೀರಿ. ಸೇರಿಸಬಾರದು ಅನ್ನೋದೇ ನನ್ನ ಉತ್ತರ.

ಸಣ್ಣ ಅಪ್‌ಡೇಟ್ ಅಂದರೆ ಬಗ್ ಮತ್ತು ಸೆಕ್ಯುರಿಟಿ ರಿಪೇರಿ ಅಂತ ನಂಬಿ ಜನ ಕಣ್ಮುಚ್ಚಿ ಹಾಕಿಕೊಳ್ಳುತ್ತಾರೆ. "ಓಡುತ್ತೆ" ಅನ್ನೋದೂ ಪೂರ್ತಿ ನಿಜವಲ್ಲ. ಸಿ ಕೋಡ್ ಬರೆಯುವ ಎಷ್ಟೋ ತಂಡಗಳು ವಾರ್ನಿಂಗ್ ಬಂದರೆ ಎರರ್ ಅಂತಲೇ ಲೆಕ್ಕ ಹಾಕು ಎಂದು ಜಿಸಿಸಿಗೆ (ಸಿ ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರ್) ಹೇಳಿಟ್ಟಿರುತ್ತವೆ. ಅಲ್ಲಿ ಹೊಸ ವಾರ್ನಿಂಗ್ ಒಂದೇ ಒಂದು ಬಂದರೂ ಬಿಲ್ಡ್ ನಿಂತುಹೋಗುತ್ತದೆ. ನಿಗದಿತ ಸಮಯಕ್ಕೆ ತಾನಾಗಿಯೇ ಸುಮ್ನೆ ಓಡುತ್ತಿದ್ದ ಕ್ರಾನ್ ಸ್ಕ್ರಿಪ್ಟ್ ಒಂದು ಸಾಲು ಜಾಸ್ತಿ ಕಕ್ಕಿದರೆ ಸಾಕು, ಪ್ರತಿ ಸಲ ಮೇಲ್ ಬರೋಕೆ ಶುರು.

ರೂಬಿ ಭಾಷೆಯಲ್ಲಿ ಆದದ್ದು ನೋಡಿ. 2.7 ಬಂದದ್ದು 2019ರ ಡಿಸೆಂಬರ್ 25ಕ್ಕೆ. 3.0ರಲ್ಲಿ ಕೀವರ್ಡ್ ಆರ್ಗ್ಯುಮೆಂಟ್‌ಗಳ (ಮೆಥಡ್‌ಗೆ ಹೆಸರು ಹೇಳಿ ಕೊಡುವ ಮೌಲ್ಯಗಳು) ನಿಯಮ ಬದಲಾಗಲಿತ್ತು. ಮೊದಲೇ ತಿಳಿಸೋಣ ಅಂತ, ಮೆಥಡ್‌ಗೆ ಕೊನೆಯಲ್ಲಿ ಹ್ಯಾಶ್ (ಹೆಸರು-ಮೌಲ್ಯ ಜೋಡಿಗಳ ಪಟ್ಟಿ) ಕೊಟ್ಟು ಅದನ್ನೇ ಕೀವರ್ಡ್‌ಗಳಾಗಿ ಬಳಸಿದ ಕಡೆಯೆಲ್ಲ ವಾರ್ನಿಂಗ್ ಇಟ್ಟರು. ಉದ್ದೇಶ ಒಳ್ಳೆಯದೇ, ಅದೂ ದೊಡ್ಡ ರಿಲೀಸ್‌ನಲ್ಲೇ ಇಟ್ಟದ್ದು. ಆದರೆ ರೂಬಿಯ ವೆಬ್ ಫ್ರೇಮ್‌ವರ್ಕ್ ರೈಲ್ಸ್‌ನಲ್ಲಿ ಬರೆದ ಒಂದು ಆ್ಯಪ್ ಅಂದರೆ ಹತ್ತಾರು ಜೆಮ್‌ಗಳು, ಅಂದರೆ ಲೈಬ್ರರಿಗಳು. ಲಾಗ್ ತೆರೆದರೆ ಬೇರೆಯವರ ಜೆಮ್‌ಗಳ ದೂರೇ ಸಾಲುಸಾಲು. ತನ್ನ ಕೋಡ್‌ನ ತಪ್ಪು ಯಾವುದು ಅಂತ ಹುಡುಕೋದೇ ಕಷ್ಟ, ಉಳಿದದ್ದನ್ನು ಸರಿಮಾಡೋ ಅಧಿಕಾರವೂ ಇಲ್ಲ. ಕೊನೆಗೆ 2020ರ ಅಕ್ಟೋಬರ್‌ನಲ್ಲಿ 2.7.2 ಬಿಟ್ಟಾಗ, ಇಂಥ ಡೆಪ್ರಿಕೇಶನ್ (ಇದು ಮುಂದೆ ನಡೆಯೋದಿಲ್ಲ ಅನ್ನುವ) ವಾರ್ನಿಂಗ್‌ಗಳನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. ಬೇಕಾದವರು ಫ್ಲ್ಯಾಗ್ (ಓಡಿಸುವಾಗ ಕೊಡುವ ಆಯ್ಕೆ) ಕೊಟ್ಟು ಆನ್ ಮಾಡಿಕೊಳ್ಳಬಹುದಿತ್ತು. ಸಣ್ಣ ರಿಲೀಸ್‌ನಲ್ಲಿ ಗದ್ದಲ ಕಡಿಮೆ ಮಾಡಿದ್ದು ನನಗೆ ಸರಿ ಅನಿಸುತ್ತದೆ. ಹೆಚ್ಚಿಸೋದು ಮಾತ್ರ ಸರಿಯಲ್ಲ.

ಪೈಥಾನ್ ನಿಧಾನವಾಗಿ ಹೋಯಿತು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕುವ ಮಾದರಿ) ಬರೆಯುವಾಗ ಸ್ಟ್ರಿಂಗ್ ಮುಂದೆ 'ಆರ್' ಹಾಕದೆ ಬ್ಯಾಕ್‌ಸ್ಲ್ಯಾಶ್ 'ಡಿ' ಬರೆಯೋದು ನಮ್ಮಲ್ಲಿ ಎಷ್ಟು ಜನರ ಅಭ್ಯಾಸ ಅಲ್ವಾ? ಅದಕ್ಕೆ 2016ರ 3.6ರಲ್ಲೇ ವಾರ್ನಿಂಗ್ ಬಂತು, ಆದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಟೆಸ್ಟ್ ಓಡಿಸುವವರಿಗೆ ಕಾಣುತ್ತಿತ್ತು. ಎಲ್ಲರಿಗೂ ಕಾಣುವಂತಾದದ್ದು 2023ರ 3.12ರಲ್ಲಿ. ಲೈಬ್ರರಿ ಬರೆದವರಿಗೆ ಏಳು ವರ್ಷ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಸ್ಟ್‌ನ ದಾರಿ. ಆರು ವಾರಕ್ಕೊಂದು ರಿಲೀಸ್ ಬರುತ್ತದೆ, ಹೊಸ ಲಿಂಟ್‌ಗಳೂ (ಕೋಡ್ ಪರೀಕ್ಷಿಸಿ ವಾರ್ನಿಂಗ್ ಕೊಡುವ ನಿಯಮಗಳು) ಬರುತ್ತವೆ. ಆದರೆ ನೀವು ಹೊರಗಿನಿಂದ ತಂದ ಕ್ರೇಟ್‌ಗಳ (ರಸ್ಟ್ ಲೈಬ್ರರಿಗಳು) ಲಿಂಟ್ ವಾರ್ನಿಂಗ್‌ಗಳನ್ನು ರಸ್ಟ್‌ನ ಬಿಲ್ಡ್ ಉಪಕರಣ ಕಾರ್ಗೋ ಅಲ್ಲೇ ತಡೆಯುತ್ತದೆ. ಸರಿಮಾಡಬಲ್ಲವರಿಗೆ ಮಾತ್ರ ಸುದ್ದಿ ಮುಟ್ಟುತ್ತದೆ.

ನೀವೇ ಕಂಪೈಲರ್ ನೋಡಿಕೊಳ್ಳುವವರಾದರೆ, ಹೊಸ ವಾರ್ನಿಂಗನ್ನು ಸಣ್ಣ ರಿಲೀಸ್‌ನಲ್ಲಿ ಫ್ಲ್ಯಾಗ್ ಹಿಂದೆ ಇಡಿ, ಮುಂದಿನ ದೊಡ್ಡ ರಿಲೀಸ್‌ನಲ್ಲಿ ಆನ್ ಮಾಡಿ. ಬರೀ ಬಳಸುವವರಾದರೆ, ವಾರ್ನಿಂಗನ್ನು ಎರರ್ ಮಾಡುವ ಸೆಟ್ಟಿಂಗ್ ನಿಮ್ಮ ಸಿಐನಲ್ಲಿ (ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಮಾತ್ರ ಇರಲಿ. ಹೊರಗಿನವರಿಗೆ ಕೊಡುವ ಸೋರ್ಸ್‌ನಲ್ಲಿ ಬೇಡ.