ಬಾಶೋ ಬರೆದದ್ದು ಹೈಕು ಅಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಜಪಾನಿ ಪದ್ಯಗಳ ಬಗ್ಗೆಯೇ ಜಾಸ್ತಿ. ಹಾಗಾಗಿ ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಹೈಕು ಜಪಾನಿನ ಅತಿ ಹಳೆಯ ಕಾವ್ಯ, ಸನ್ಯಾಸಿಗಳು ಬೆಟ್ಟದಲ್ಲಿ ಒಬ್ಬರೇ ಕೂತು ಬರೆಯುತ್ತಿದ್ದದ್ದು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ? (ಶಿವಮೊಗ್ಗದ ಓದುಗರು)

ಉತ್ತರ: ಹಳೆಯದೂ ಅಲ್ಲ, ಒಬ್ಬರೇ ಕೂತು ಬರೆದದ್ದೂ ಅಲ್ಲ. ಹಳೆಯದು ಬೇಕಿದ್ದರೆ ತಂಕಾ ಎಂಬ ಐದು ಭಾಗಗಳ ಕಿರುಪದ್ಯ ನೋಡಿ. ಉಚ್ಚಾರದ ತುಣುಕುಗಳನ್ನು ಎಣಿಸಿದರೆ 5, 7, 5, 7, 7, ಒಟ್ಟು 31ರ ಲೆಕ್ಕ. 8ನೇ ಶತಮಾನದ 'ಮನ್‌ಯೋಶು' ಸಂಕಲನದಲ್ಲಿ ಸುಮಾರು 4,500 ಪದ್ಯಗಳಿವೆ, ಬಹುಪಾಲು ಇದೇ ಅಳತೆಯವು. ಅದರಲ್ಲಿ ಚಕ್ರವರ್ತಿಗಳ ಪದ್ಯಗಳಿವೆ. ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ಗಡಿ ಕಾಯಲು ಹೋದ ಕಾವಲುಗಾರರವೂ ಇವೆ. ನನಗಂತೂ ಎರಡನೆಯವೇ ಇಷ್ಟ.

ಆಮೇಲೆ ಈ ತಂಕಾವನ್ನು ಇಬ್ಬರು ಹಂಚಿಕೊಂಡು ಹೇಳುವ ಆಟ ಶುರುವಾಯಿತು. ಒಬ್ಬರು 5-7-5 ಹೇಳುತ್ತಾರೆ, ಇನ್ನೊಬ್ಬರು 7-7 ಸೇರಿಸುತ್ತಾರೆ, ಮೂರನೆಯವರು ಆ 7-7ಕ್ಕೆ ಹೊಂದುವ ಹಾಗೆ ಮತ್ತೆ 5-7-5 ಹೇಳುತ್ತಾರೆ, ಆದರೆ ಮೊದಲನೆಯವರು ಏನು ಹೇಳಿದ್ದರು ಅನ್ನುವುದನ್ನು ಅಷ್ಟರಲ್ಲಿ ಬಿಟ್ಟುಬಿಡಬೇಕು, ಹಳೇ ವಿಷಯಕ್ಕೆ ತಿರುಗಿ ಬರುವಂತಿಲ್ಲ. ಇದು ರೆಂಗಾ. 1488ರಲ್ಲಿ ಕವಿ ಸೋಗಿ ಮತ್ತು ಅವರ ಇಬ್ಬರು ಶಿಷ್ಯರು ಮಿನಾಸೆ ಎಂಬಲ್ಲಿ ಹೀಗೆ 100 ಕೊಂಡಿಗಳನ್ನು ಹೆಣೆದದ್ದು ಇವತ್ತಿಗೂ ಹೆಸರುವಾಸಿ. ಇಂಥ ಸರಣಿಯ ಮೊಟ್ಟಮೊದಲ 5-7-5ಕ್ಕೆ ಹೊಕ್ಕು ಅಂತ ಹೆಸರು. ಅದನ್ನು ಸರಣಿಯಿಂದ ಪೂರ್ತಿ ಬಿಡಿಸಿ, ಹೈಕು ಅಂತ ಕರೆದು, ಸ್ವತಂತ್ರ ಕವಿತೆಯಾಗಿ ನಿಲ್ಲಿಸಿದವರು ಕವಿ ಮಸಾವೊಕಾ ಶಿಕಿ. ಅದು 1890ರ ದಶಕದ ಮಾತು.

ಪ್ರಶ್ನೆ: ಹಾಗಾದರೆ 17ನೇ ಶತಮಾನದ ಕವಿ ಬಾಶೋ ಬರೆದದ್ದು ಹೈಕು ಅಲ್ವಾ? (ಮೈಸೂರಿನ ಓದುಗರು)

ಉತ್ತರ: ಅವರನ್ನೇ ಕೇಳಿದ್ದರೆ ಹೊಕ್ಕು ಅನ್ನುತ್ತಿದ್ದರು. ಹೊಕ್ಕು ಚೆನ್ನಾಗಿ ಬರೆಯುವ ಶಿಷ್ಯರು ಬೇಕಾದಷ್ಟಿದ್ದಾರೆ, ತಮ್ಮ ನಿಜವಾದ ಕೈಚಳಕ ಇರುವುದು ಸರಣಿ ಕಟ್ಟುವುದರಲ್ಲಿ ಅಂತ ಅವರು ಹೇಳುತ್ತಿದ್ದರಂತೆ. ಶಿಷ್ಯರೇ ಹಾಗೆ ಬರೆದಿಟ್ಟಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. 1689ರಲ್ಲಿ ಬಾಶೋ ಶಿಷ್ಯ ಸೋರಾ ಜೊತೆ ಉತ್ತರದ ಕಡೆ ನಡೆದುಕೊಂಡು ಹೊರಟರು. ದಾರಿಯಲ್ಲಿ ಓಯಿಶಿದಾ ಎಂಬ ಊರಲ್ಲಿ, ಮೊಗಮಿ ಹೊಳೆಯ ದಂಡೆಯ ಮೇಲೆ, ದೋಣಿ ವ್ಯವಹಾರ ನೋಡಿಕೊಳ್ಳುವವರೊಬ್ಬರ ಮನೆಯಲ್ಲಿ ಉಳಿದರು. ಬೇಸಿಗೆಯ ಮಳೆ ಹೊಯ್ಯುವ ಕಾಲ. ನಾಲ್ಕು ಜನ ಕೂತು 36 ಕೊಂಡಿಗಳ ಸರಣಿ ಕಟ್ಟಿದರು. ಮೊದಲ ಪದ್ಯ ಅತಿಥಿಯದು, ಅದು ಪದ್ಧತಿ. ಬಾಶೋ ಹೇಳಿದ್ದರ ಅರ್ಥ ಇಷ್ಟು: ಮಳೆಗಾಲದ ನೀರನ್ನೆಲ್ಲ ಕೂಡಿಸಿಕೊಂಡು ಎಷ್ಟು ತಂಪಾಗಿದೆ ಈ ಮೊಗಮಿ ಹೊಳೆ! ಅಂದರೆ, 'ನಿಮ್ಮ ಮನೆ ತಂಪಾಗಿದೆ ಮಾರಾಯರೇ, ಸುಖವಾಗಿದ್ದೇನೆ' ಅಂತ ಯಜಮಾನರಿಗೆ ಹೇಳಿದ ನಮಸ್ಕಾರ. ಆಮೇಲೆ ಅದೇ ಹೊಳೆಯಲ್ಲಿ ಅವರು ದೋಣಿ ಹತ್ತಿದರು. ತುಂಬು ನೀರು, ಜೀವಭಯ. ಪ್ರವಾಸದ ಪುಸ್ತಕ ಬರೆಯುವಾಗ 'ತಂಪು' ತೆಗೆದು 'ರಭಸ' ಹಾಕಿದರು. ಅಷ್ಟೇ ಬದಲು. ಮನೆ ಹೋಯಿತು, ಯಜಮಾನರು ಹೋದರು, ಬರೀ ಹೊಳೆ ಉಳಿಯಿತು. ನಾವು ಇವತ್ತು ಹೈಕು ಅಂತ ಓದುವುದು ಈ ಎರಡನೆಯದನ್ನು. ಮೊದಲನೆಯದೂ ಅಷ್ಟೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಕನ್ನಡದಲ್ಲಿ 5-7-5 ಅಕ್ಷರ ಎಣಿಸಿ ಬರೆಯುತ್ತೇನೆ. ಸರಿ ತಾನೆ? (ಧಾರವಾಡದ ಓದುಗರು)

ಉತ್ತರ: ಬರೆಯಿರಿ, ಯಾರೂ ಕೇಸು ಹಾಕಲ್ಲ. ಆದರೆ ಜಪಾನಿಯರು ಎಣಿಸುವುದು ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ. ತೋಕ್ಯೋ ಅನ್ನುವುದು ನಮಗೆ ಎರಡಕ್ಷರ, ಅವರ ಲೆಕ್ಕದಲ್ಲಿ ನಾಲ್ಕು, ಎರಡೂ ದೀರ್ಘ ಅಲ್ವಾ. ನಿಪ್ಪೊನ್ ಕೂಡ ನಾಲ್ಕು: ನಿ, ಒತ್ತಿಗೊಂದು, ಪೊ, ಕೊನೆಯ ನ್. ಸುಮ್ನೆ ಲಘು ಗುರು ಹಾಕಿ ನೋಡಿ, ನಮ್ಮಲ್ಲೂ ನಾಲ್ಕೇ ಬರುತ್ತದೆ. ಈ ಲೆಕ್ಕದಲ್ಲಿ ಇಡೀ ಹೈಕು 17 ಮಾತ್ರೆ. ಭಾಮಿನಿ ಷಟ್ಪದಿಯ ಮೊದಲ ಸಾಲೇ 14 ಮಾತ್ರೆ, ಅದಕ್ಕಿಂತ ಮೂರು ಜಾಸ್ತಿ ಅಷ್ಟೇ! ನೀವು 17 ಅಕ್ಷರ ತುಂಬಿಸಿದರೆ ಸಾಮಾನ್ಯವಾಗಿ ಒಂದಿಷ್ಟು ಮಾತು ಹೆಚ್ಚೇ ಆಗಿರುತ್ತದೆ. ಬಾಶೋ ಕೂಡ ಲೆಕ್ಕಕ್ಕೆ ಕಟ್ಟುಬಿದ್ದವರಲ್ಲ, ಒಣಕೊಂಬೆಯ ಮೇಲೆ ಕೂತ ಕಾಗೆಯ ಪದ್ಯದಲ್ಲಿ ನಡುವಿನ ಭಾಗ ಏಳಲ್ಲ, ಒಂಬತ್ತು.

ಪ್ರಶ್ನೆ: ಹಳೇ ಕೊಳ, ಕಪ್ಪೆ ಹಾರಿತು, ನೀರಿನ ಸದ್ದು. ಬಾಶೋ ಅವರ ಈ ಪದ್ಯದಲ್ಲಿ ಅಂಥದ್ದೇನಿದೆ? (ಮಂಗಳೂರಿನ ಓದುಗರು)

ಉತ್ತರ: ಈ ಪ್ರಶ್ನೆ ಕೇಳಲು ಧೈರ್ಯ ಬೇಕು, ಶಹಬ್ಬಾಸ್. ಜಪಾನಿ ಕಾವ್ಯದಲ್ಲಿ ಕಪ್ಪೆ ಹಾಡುವ ಜೀವಿ. 905ರ ಸುಮಾರಿನ 'ಕೊಕಿನ್‌ಶು' ಸಂಕಲನದ ಮುನ್ನುಡಿಯಲ್ಲಿ ಕಿ ನೊ ತ್ಸುರಾಯುಕಿ ಹೂವಿನ ನಡುವೆ ಹಾಡುವ ಹಕ್ಕಿ, ನೀರಿನಲ್ಲಿ ಹಾಡುವ ಕಪ್ಪೆ ಎರಡನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಕಪ್ಪೆ ಬಂತು ಅಂದರೆ ಹಾಡು ಬರಬೇಕು, ಜೊತೆಗೆ ಹೊಳೆದಂಡೆಯ ಯಮಾಬುಕಿ ಎಂಬ ಹಳದಿ ಹೂವು ಬರಬೇಕು. ನೂರಾರು ವರ್ಷ ಹಾಗೇ ನಡೆಯಿತು. 1686ರಲ್ಲಿ ಬಾಶೋ ಕಪ್ಪೆಯ ಬಾಯಿ ಮುಚ್ಚಿಸಿ ನೀರಿಗೆ ಹಾರಿಸಿದರು. ಮೊದಲ ಭಾಗಕ್ಕೆ ಯಮಾಬುಕಿ ಹೂವೇ ಇರಲಿ ಅಂತ ಶಿಷ್ಯ ಕಿಕಾಕು ಸಲಹೆ ಕೊಟ್ಟರಂತೆ. ಬಾಶೋ ಒಪ್ಪಲಿಲ್ಲ, ಹಳೇ ಕೊಳ ಇಟ್ಟರು. ಅಂದಿನ ಓದುಗರಿಗೆ ಇದು ಧ್ಯಾನಕ್ಕಿಂತ ಹೆಚ್ಚಾಗಿ ತುಂಟತನ ಅನ್ನಿಸಿರಬೇಕು.

ಪ್ರಶ್ನೆ: ಹೆಂಗಸರು ಬರೆಯುತ್ತಿರಲಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಹೆಂಗಸರನ್ನು ತೆಗೆದರೆ ಆ ಸಾಹಿತ್ಯದ ಅರ್ಧ ಬೆನ್ನೆಲುಬೇ ಹೋಗುತ್ತದೆ. ಅರಮನೆಯ ಗಂಡಸರು ಚೀನಿ ಬರಹದ ಪಾಂಡಿತ್ಯದಲ್ಲಿ ಮುಳುಗಿದ್ದಾಗ, ಹೆಂಗಸರು ಕಾನಾ ಎಂಬ ಜಪಾನಿ ಲಿಪಿಯಲ್ಲಿ ಆಡುಮಾತಿಗೆ ಹತ್ತಿರವಾಗಿ ಬರೆದರು. 11ನೇ ಶತಮಾನದ ಆರಂಭದ ಮುರಾಸಾಕಿ ಶಿಕಿಬು ಅವರ 'ಗೆಂಜಿ' ಕಥೆಯಲ್ಲಿ 54 ಅಧ್ಯಾಯಗಳು, ಒಳಗೆ ಸುಮಾರು 800 ತಂಕಾಗಳು. ಪ್ರೇಮ, ಮುನಿಸು, ಸಾವಿನ ಸುದ್ದಿ ಎಲ್ಲವೂ ಪದ್ಯದ ಚೀಟಿಯಲ್ಲೇ ಓಡಾಡುತ್ತವೆ. ಕಾಗದದ ಬಣ್ಣ, ಕೈಬರಹ ನೋಡಿಯೇ ಮನುಷ್ಯ ಎಂಥವನು ಅಂತ ಅಳೆಯುತ್ತಾರೆ. ತ್ಸುರಾಯುಕಿಯಂಥ ದೊಡ್ಡ ಕವಿ, ಗಂಡಸಾಗಿದ್ದೂ, 'ತೋಸಾ ದಿನಚರಿ'ಯನ್ನು ಹೆಂಗಸಿನ ದನಿಯಲ್ಲಿ ಬರೆದರು. ಇನ್ನು 1904ರಲ್ಲಿ ರಷ್ಯಾ ವಿರುದ್ಧದ ಯುದ್ಧಕ್ಕೆ ಹೋದ ತಮ್ಮನಿಗೆ 'ನೀನು ಸಾಯಬೇಡ' ಅಂತ ಪದ್ಯ ಬರೆದು ಬೈಸಿಕೊಂಡ ಕವಯಿತ್ರಿ ಯೊಸಾನೊ ಅಕಿಕೊ ಬಗ್ಗೆ ಬೇರೆಯೇ ಬರೆಯಬೇಕು.

ಪ್ರಶ್ನೆ: ಋತು, ಹೂವು, ಚಂದ್ರ ನನಗೆ ಆಗಿಬರಲ್ಲ. ಆಫೀಸಿನ ಬಗ್ಗೆ ಹೈಕು ಬರೆಯಬಹುದಾ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮಗೆ ಬೇಕಾದದ್ದು ಸೆನ್‌ರ್ಯು. ಅದೇ ಅಳತೆ, ಆದರೆ ಋತುವಿನ ಹಂಗಿಲ್ಲ, ಮನುಷ್ಯರ ಸಣ್ಣತನಗಳೇ ಬಂಡವಾಳ. 18ನೇ ಶತಮಾನದ ಎದೊ ನಗರದಲ್ಲಿ (ಇಂದಿನ ತೋಕ್ಯೋ) ಕರಾಯಿ ಸೆನ್‌ರ್ಯು ಎಂಬ ತೀರ್ಪುಗಾರರಿದ್ದರು. ಜನ ಪದ್ಯ ಕಳಿಸುತ್ತಿದ್ದರು, ಅವರು ಆರಿಸುತ್ತಿದ್ದರು. ಹೆಸರು ಅವರದೇ ಉಳಿಯಿತು. ಜಪಾನಿನ ಒಂದು ವಿಮಾ ಕಂಪನಿ 1987ರಲ್ಲಿ ಸಂಬಳದ ನೌಕರರ ಹೆಸರಿನಲ್ಲೇ ಒಂದು ಸೆನ್‌ರ್ಯು ಸ್ಪರ್ಧೆ ಶುರುಮಾಡಿತು. ನೀವು ಬರೆದದ್ದನ್ನು ನಮಗೂ ಕಳಿಸಿ. ಬಾಸ್ ಹೆಸರು ಮಾತ್ರ ಹಾಕಬೇಡಿ.