ಸ್ಪರ್ಧೆ ಮುಗಿದ ಮೇಲೆ ಊಟದ ಸಾಲಿನಲ್ಲಿ

ತಂಗಿ,

ನಿಮ್ಮ ಪತ್ರ ಎರಡು ಸಲ ಓದಿದೆ. ದಾವಣಗೆರೆಯಿಂದ ಅಮೆರಿಕದ ಇಂಡಿಯಾನಾ ರಾಜ್ಯದ ಫಿಶರ್ಸ್‌ಗೆ ಬಂದು ಎಂಟು ತಿಂಗಳಾಯಿತು ಅಂದಿದ್ದೀರಿ. ಮಗ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ. ಈಗ ಬೇಸಿಗೆಯ ಸ್ಪರ್ಧಾ ವಾದ್ಯತಂಡವಾದ ಡ್ರಮ್ ಕೋರ್‌ಗೆ ಆಡಿಷನ್ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಇಡೀ ಬೇಸಿಗೆ ಮನೆಯಿಂದ ದೂರ ಇರಬೇಕು, ದಿನವೂ ಸ್ಪರ್ಧೆ, ದಿನವೂ ಅಂಕ. "ಅಲ್ಲಿ ಎಲ್ಲರೂ ಎದುರಾಳಿಗಳೇ ಆದರೆ ನನ್ನ ಮಗನಿಗೆ ಯಾರು?" ಅಂತ ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ "ನನಗೂ ಇಲ್ಲಿ ಯಾರೂ ಇಲ್ಲ ಅಕ್ಕ" ಅಂತ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರವನ್ನು ನಾಳೆಗೆ ಇಡೋಕೆ ಮನಸ್ಸು ಬರಲಿಲ್ಲ.

ನಾನು ನಿಮ್ಮ ಪಕ್ಕದ ಊರು ಕಾರ್ಮೆಲ್‌ಗೆ ಬಂದು ಇಪ್ಪತ್ತೊಂದು ವರ್ಷ. ಮಗಳು ಮೂರು ಬೇಸಿಗೆ ಒಂದು ಕೋರ್‌ನಲ್ಲಿ ಸ್ನೇರ್ ಡ್ರಮ್ ಬಾರಿಸಿದಳು. ಮೂರೂ ವರ್ಷ ನಾನು ಎರಡೆರಡು ವಾರ ರಜೆ ಹಾಕಿ ಅವರ ಅಡುಗೆ ಲಾರಿಯಲ್ಲಿ ದುಡಿದೆ. ಹಾಗಾಗಿ ನಾನು ಹೇಳುವುದು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ಕಂಡದ್ದಲ್ಲ. ಸೌಟು ಹಿಡಿದು ನಿಂತು ಕಂಡದ್ದು.

ಡ್ರಮ್ ಕೋರ್ ಶಾಲೆಯ ಬ್ಯಾಂಡ್ ಅಲ್ಲ. ಯಾವ ಶಾಲೆಗೂ ಸೇರಿದ್ದಲ್ಲ. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ ಹಿಡಿದು ಕುಣಿಯುವ ಕಲರ್ ಗಾರ್ಡ್, ಎಲ್ಲ ಸೇರಿ ದೊಡ್ಡ ತಂಡದಲ್ಲಿ 165 ಜನರವರೆಗೂ ಇರುತ್ತಾರೆ. 21 ದಾಟಿದವರಿಗೆ ಜಾಗವಿಲ್ಲ. ಮೇ ತಿಂಗಳಲ್ಲಿ ಒಂದು ಕಡೆ ಸೇರುತ್ತಾರೆ, ಹನ್ನೊಂದು ಹನ್ನೆರಡು ನಿಮಿಷದ ಒಂದೇ ಪ್ರದರ್ಶನವನ್ನು ಆಗಸ್ಟ್‌ವರೆಗೆ ತಿದ್ದುತ್ತಲೇ ಇರುತ್ತಾರೆ. ಊರಿಂದ ಊರಿಗೆ ರಾತ್ರಿ ಬಸ್ಸು. ಮಲಗುವುದು ಯಾವುದೋ ಹೈಸ್ಕೂಲಿನ ಜಿಮ್ ನೆಲದ ಮೇಲೆ. ಕೊನೆಗೆ ಎಲ್ಲರೂ ಬಂದು ಸೇರುವುದು ನಮ್ಮ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂಗೆ. ನಿಮ್ಮ ಮನೆಯಿಂದ ಅರ್ಧ ಗಂಟೆ ದಾರಿ.

ಅಂಕಗಳ ಕಟ್ಟುನಿಟ್ಟು ಹೇಗಿರುತ್ತದೆ ಅಂದ್ರೆ, 2008ರಲ್ಲಿ ಇಲ್ಲೇ ಬ್ಲೂಮಿಂಗ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಫ್ಯಾಂಟಮ್ ರೆಜಿಮೆಂಟ್‌ಗೆ ನೂರಕ್ಕೆ 98.125 ಬಂತು, ಬ್ಲೂ ಡೆವಿಲ್ಸ್‌ಗೆ 98.100. ಒಂದು ಅಂಕದ ನಲವತ್ತರಲ್ಲಿ ಒಂದು ಪಾಲು! ಇಡೀ ಬೇಸಿಗೆಯ ಬೆವರು ಅಷ್ಟರಲ್ಲಿ ನಿರ್ಧಾರ ಆಯಿತು. ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ಅದಕ್ಕೇ ಹೇಳ್ತೀನಿ. ಇಷ್ಟು ಕೂದಲೆಳೆಯ ಲೆಕ್ಕ ಇರುವ ಕಡೆ ಮಕ್ಕಳು ಒಬ್ಬರನ್ನೊಬ್ಬರು ದ್ವೇಷಿಸದೆ ಇರುತ್ತಾರಾ ಅಂತ ನನಗೂ ಅನಿಸಿತ್ತು.

ಮೊದಲ ಸಲ ಶೋ ನೋಡೋಕೆ ಹೋದಾಗ ಬ್ಲೂಕೋಟ್ಸ್ ತಂಡ ಮೈದಾನಕ್ಕೆ ಇಳಿಯಿತು. ಸಾವಿರಾರು ಜನ ಒಟ್ಟಿಗೆ "ಬೂ…" ಅಂತ ಕೂಗಿದಂತೆ ಕೇಳಿಸಿತು. ನಮ್ಮನೆಯವರು "ಪಾಪ ಮಕ್ಕಳನ್ನ ಹೀಗೆ ಅವಮಾನ ಮಾಡ್ತಾರಲ್ಲ" ಅಂತ ನೊಂದುಕೊಂಡರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅವರ ತೋಳು ಮುಟ್ಟಿ ಹೇಳಿದರು: "ಬೂ ಅಲ್ಲ, ಬ್ಲೂ." ಹಾಗೆ ಉದ್ದಕ್ಕೆ ಎಳೆದು ಕೂಗುವುದು ಆ ತಂಡಕ್ಕೆ ಪ್ರೀತಿಯ ಸ್ವಾಗತ. ಅಜ್ಜಿ ತೊಟ್ಟಿದ್ದು ಬೇರೆ ತಂಡದ ಅಂಗಿ. ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರೇ.

ಅಸಲಿ ವಿಷಯ ಶೋ ಮುಗಿದ ಮೇಲೆ ಶುರುವಾಗುತ್ತದೆ. ಮಕ್ಕಳು ಸಮವಸ್ತ್ರ ಕಳಚಿ ಜೋಪಾನವಾಗಿ ತೂಗುಹಾಕುತ್ತಾರೆ. ವಾದ್ಯಗಳನ್ನು ಲಾರಿಗೆ ತುಂಬುತ್ತಾರೆ. ಆಮೇಲೆ ಪಾರ್ಕಿಂಗ್ ಜಾಗದ ಕತ್ತಲಲ್ಲಿ ವೃತ್ತವಾಗಿ ನಿಂತು, ಪಕ್ಕದವರ ಹೆಗಲ ಮೇಲೆ ಕೈ ಹಾಕಿ, ತಮ್ಮ ತಂಡದ ಹಾಡನ್ನು ಮೆಲ್ಲಗೆ ಹಾಡುತ್ತಾರೆ. ಹಳೆಯ ತಂಡಗಳಲ್ಲಿ ಇಂಥದ್ದೊಂದು ಹಾಡು ತಲೆಮಾರಿನಿಂದ ತಲೆಮಾರಿಗೆ ಬಂದಿರುತ್ತದೆ. ಅದು ಪ್ರೇಕ್ಷಕರಿಗಲ್ಲ, ತೀರ್ಪುಗಾರರಿಗಂತೂ ಅಲ್ಲವೇ ಅಲ್ಲ. ಒಂದು ತಂಡ ಹಾಡುವಾಗ ಪಕ್ಕದ ಬಸ್ಸಿನ ಹತ್ತಿರ ಪೆಟ್ಟಿಗೆ ಎತ್ತುತ್ತಿದ್ದ ಎದುರಾಳಿ ಮಕ್ಕಳು ಪೆಟ್ಟಿಗೆ ಕೆಳಗಿಟ್ಟು ಸುಮ್ಮನೆ ನಿಂತದ್ದನ್ನು ನಾನೇ ನೋಡಿದ್ದೇನೆ. ನಿಲ್ಲಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಡು ಮುಗಿದರೆ ಊಟದ ಸಾಲು. ದಿನಕ್ಕೆ ನಾಲ್ಕು ಊಟ. ನಾಲ್ಕನೆಯದು ಶೋ ಆದ ಮೇಲೆ, ಹನ್ನೊಂದು ಹನ್ನೆರಡು ಗಂಟೆ ರಾತ್ರಿ. ಅದಕ್ಕೆ 'ಸ್ನ್ಯಾಕ್' ಅಂತಾರೆ, ಆದರೆ ಅದು ಹೊಟ್ಟೆ ತುಂಬಾ ಊಟವೇ. ಮಕ್ಕಳು, ಕಲಿಸುವವರು, ಚಾಲಕರು ಎಲ್ಲ ಸೇರಿ ಇನ್ನೂರು ತಟ್ಟೆಗೆ ಬಡಿಸಬೇಕು. ಆ ಸಾಲಿನಲ್ಲಿ ಬೇರೆ ತಂಡದ ಮಕ್ಕಳೂ ಸೇರಿಕೊಂಡು ಮಾತಾಡುತ್ತಿರುತ್ತಾರೆ. ಯಾಕಂದ್ರೆ ಆ ತಂಡದಲ್ಲಿ ಟ್ಯೂಬಾ ಹಿಡಿದವನು ಈ ತಂಡದ ಹುಡುಗಿಯ ಹೈಸ್ಕೂಲ್ ಗೆಳೆಯ. ಚಳಿಗಾಲದಲ್ಲಿ ಒಂದೇ ಕಾಲೇಜು, ಬೇಸಿಗೆಯಲ್ಲಿ ಬೇರೆ ಬೇರೆ ಅಂಗಿ, ಅಷ್ಟೇ.

ಡ್ರಮ್ ಬಾರಿಸುವವರ ನಡುವೆ ಇದು ಇನ್ನೂ ಜಾಸ್ತಿ. 'ಎಯ್ಟ್ಸ್' ಅಂತ ಒಂದು ಪಾಠ ಇದೆ. ಒಂದು ಕೈಯಲ್ಲಿ ಎಂಟು ಪೆಟ್ಟು, ಇನ್ನೊಂದು ಕೈಯಲ್ಲಿ ಎಂಟು ಪೆಟ್ಟು. ನಮ್ಮ ಸಂಗೀತದಲ್ಲಿ ಸರಳೆ ವರಸೆ ಇದ್ದ ಹಾಗೆ. ಯಾವ ತಂಡದವರಾದರೂ ಅದು ಎಲ್ಲರಿಗೂ ಗೊತ್ತು. ಒಂದು ರಾತ್ರಿ ಮಗಳು ಮತ್ತು ಎದುರಾಳಿ ತಂಡದ ಇಬ್ಬರು ಹುಡುಗರು ಬಸ್ಸಿನ ಮೆಟ್ಟಿಲ ಹತ್ತಿರ ಕೂತು ರಬ್ಬರ್ ಪ್ಯಾಡಿನ ಮೇಲೆ ಎಯ್ಟ್ಸ್ ಶುರು ಮಾಡಿದರು. ಹೆಸರು ಕೂಡ ಕೇಳಿಕೊಂಡಿರಲಿಲ್ಲ. ಹತ್ತು ನಿಮಿಷ ಬಾರಿಸಿದರು. ಆರು ಕಡ್ಡಿಗಳಿಂದ ಒಂದೇ ಸದ್ದು ಬರುತ್ತಿತ್ತು.

ಅಲ್ಲಿ ನಿಂತಾಗ ನನಗೆ ಜೋಡಾಟ ನೆನಪಾಯಿತು. ನಾನು ಕುಂದಾಪುರದ ಕಡೆಯವಳು. ನೀವು ದಾವಣಗೆರೆಯವರು, ಜೋಡಾಟ ನೋಡಿರಲಿಕ್ಕಿಲ್ಲ. ಯಕ್ಷಗಾನದ ಎರಡು ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕ ರಂಗಸ್ಥಳ ಹಾಕಿ, ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುತ್ತವೆ. ಆ ಕಡೆ ಚೆಂಡೆ ಏರಿದರೆ ಜನ ಆ ಕಡೆ, ಈ ಕಡೆ ಏರಿದರೆ ಈ ಕಡೆ. ರಾತ್ರಿಯಿಡೀ ಜಿದ್ದಾಜಿದ್ದಿ. ಬೆಳಗ್ಗೆ ಅಪ್ಪನ ಕೈ ಹಿಡಿದು ಮನೆಗೆ ಹೊರಟಾಗ ನೋಡಿದರೆ, ಎರಡೂ ಮೇಳದ ವೇಷದವರು ಮುಖದ ಬಣ್ಣ ಅರ್ಧ ಒರೆಸಿಕೊಂಡು ಒಂದೇ ಹೋಟೆಲಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ನಲವತ್ತು ವರ್ಷ ಆದ ಮೇಲೆ ಅದೇ ಬೆಂಚು ನನಗೆ ಅಮೆರಿಕದ ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿತು.

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಜುಲೈಯಲ್ಲಿ ದೊಡ್ಡ ಸ್ಪರ್ಧೆ ಇರುತ್ತದೆ, ಅಲಮೋಡೋಮ್ ಒಳಗೆ. ಹೊರಗೆ ಬೆಂಕಿಯಂಥ ಸೆಕೆ. ಆ ದಾರಿಯಲ್ಲಿ ಒಂದು ದಿನ ಬೇರೆ ತಂಡದ ಅಡುಗೆ ಲಾರಿಯ ಫ್ರಿಜ್ ಕೆಟ್ಟು ಇಡೀ ದಿನದ ಸಾಮಾನು ಹಾಳಾಯಿತು. ಅಂಕಪಟ್ಟಿಯಲ್ಲಿ ಆ ತಂಡ ನಮಗಿಂತ ಒಂದೇ ಸ್ಥಾನ ಮೇಲಿತ್ತು. ನಮ್ಮ ಅಡುಗೆಯ ಮುಖ್ಯಸ್ಥೆಗೆ ಫೋನ್ ಬಂತು. ಆಕೆ ಯಾರನ್ನೂ ಕೇಳಲಿಲ್ಲ. "ಅಕ್ಕಿ ಇನ್ನೊಂದು ಪಾತ್ರೆ ಇಡಿ" ಅಂದರು. ಅವತ್ತು ರಾತ್ರಿ ನಾವು ನಾನೂರು ತಟ್ಟೆ ಬಡಿಸಿದೆವು. ಫೈನಲ್ ವಾರದಲ್ಲಿ ಆ ತಂಡದ ಅಮ್ಮಂದಿರು ಹುಡುಕಿಕೊಂಡು ಬಂದು ನಮಗೆ ಅಂತಲೇ ಪೀಚ್ ಹಣ್ಣಿನ ಸಿಹಿ ಮಾಡಿ ಕೊಟ್ಟರು. ಅವರಲ್ಲಿ ಇಬ್ಬರು ಇವತ್ತಿಗೂ ನನಗೆ ಫೋನ್ ಮಾಡುತ್ತಾರೆ.

ಇದು ಇವತ್ತಿನ ಮಕ್ಕಳ ಒಳ್ಳೆತನ ಮಾತ್ರ ಅಲ್ಲ, ಈ ಕಲೆಯ ಬೇರಿನಲ್ಲೇ ಇದೆ. ಮೊದಲು ಸ್ಪರ್ಧೆಗಳನ್ನು ನಡೆಸುತ್ತಿದ್ದದ್ದು ಮಾಜಿ ಸೈನಿಕರ ಸಂಘಗಳು. ನಿಯಮ, ಹಣ ಎಲ್ಲ ಅವರ ಕೈಯಲ್ಲಿ. 1971ರಲ್ಲಿ ಕ್ಯಾವಲಿಯರ್ಸ್, ಟ್ರೂಪರ್ಸ್, ಮ್ಯಾಡಿಸನ್ ಸ್ಕೌಟ್ಸ್, ಬ್ಲೂ ಸ್ಟಾರ್ಸ್, ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್, ಈ ಐದು ತಂಡಗಳು ಒಂದಾದವು. ಮೈದಾನದಲ್ಲಿ ಒಬ್ಬರನ್ನೊಬ್ಬರು ಸೋಲಿಸೋಕೆ ಹೊರಟವರೇ ಮೈದಾನದ ಹೊರಗೆ ಜೊತೆಯಾಗಿ ನಿಂತರು. ಅದೇ ಕಾಲಕ್ಕೆ, ಈಗ ಈ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಹುಟ್ಟಿತು. ಮರುವರ್ಷ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್. ಗೆದ್ದದ್ದು ಈ ಐದರಲ್ಲಿ ಒಂದೂ ಅಲ್ಲ, ಅನಾಹೈಮ್ ಕಿಂಗ್ಸ್‌ಮೆನ್. ನನಗೆ ಈ ಮಾತು ತುಂಬಾ ಇಷ್ಟ. ಈಚೆಗೆ 2023ರಲ್ಲಿ ಹಣದ ತೊಂದರೆಯಿಂದ ವ್ಯಾನ್‌ಗಾರ್ಡ್ ಒಂದು ವರ್ಷ ಮೈದಾನಕ್ಕೆ ಇಳಿಯಲಿಲ್ಲ. ಅಲ್ಲಿಯ ಎಷ್ಟೋ ಮಕ್ಕಳು ಆ ಬೇಸಿಗೆ ಬೇರೆ ತಂಡಗಳಲ್ಲಿ ಆಡಿದರು. 2024ರಲ್ಲಿ ವ್ಯಾನ್‌ಗಾರ್ಡ್ ಮತ್ತೆ ಬಂತು.

ಇನ್ನು ಕಷ್ಟಗಳು. ಅವನ್ನು ಮುಚ್ಚಿಡುವುದಿಲ್ಲ. ಖರ್ಚು ಐದಾರು ಸಾವಿರ ಡಾಲರ್ ಆಗುತ್ತದೆ, ಸಾಮಾನು ಮತ್ತು ಓಡಾಟ ಬೇರೆ. ಬಿಸಿಲಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ. ಮೊದಲ ಎರಡು ವಾರ ಎಲ್ಲ ಮಕ್ಕಳೂ ಅಳುತ್ತಾರೆ. ನನ್ನ ಮಗಳೂ ಅತ್ತಳು, ನಾನೂ ಅತ್ತೆ. ನಿಮ್ಮ ಮಗನಿಗೆ ಹದಿನಾರು, ಅಲ್ಲಿ ಇಪ್ಪತ್ತೊಂದರವರೂ ಇರುತ್ತಾರೆ. ಹಾಗಾಗಿ ಮಕ್ಕಳ ಸುರಕ್ಷತೆಗೆ ಏನು ನಿಯಮ, ರಾತ್ರಿ ಜಿಮ್‌ನಲ್ಲಿ ಯಾರು ಇರುತ್ತಾರೆ, ದೂರು ಇದ್ದರೆ ಯಾರಿಗೆ ಹೇಳಬೇಕು ಅಂತ ನೇರವಾಗಿ ಕೇಳಿ. ಒಳ್ಳೆಯ ತಂಡ ಬೇಜಾರು ಮಾಡಿಕೊಳ್ಳದೆ ಹೇಳುತ್ತದೆ. ಸಸ್ಯಾಹಾರ ಸಿಗುತ್ತದೆ, ಅರ್ಜಿಯಲ್ಲೇ ಬರೆಯಿರಿ. ಚಟ್ನಿಪುಡಿ ಒಂದು ಡಬ್ಬಿ ಕೊಟ್ಟು ಕಳಿಸಿ. ಇಡೀ ಡ್ರಮ್‌ಲೈನ್ ಅದನ್ನು ಬ್ರೆಡ್ ಮೇಲೆ ಹಾಕಿಕೊಂಡು ಒಂದೇ ವಾರದಲ್ಲಿ ಖಾಲಿ ಮಾಡುತ್ತದೆ, ಅದಕ್ಕೆ ಎರಡು ಕೊಟ್ಟರೆ ಒಳ್ಳೇದು. ಇಷ್ಟೆಲ್ಲ ಒಮ್ಮೆಲೇ ಜಾಸ್ತಿ ಅನಿಸಿದರೆ ಓಪನ್ ಕ್ಲಾಸ್ ಅಂತ ಇದೆ. ತಂಡ ಚಿಕ್ಕದು, ಪ್ರವಾಸವೂ ಕಡಿಮೆ ದಿನದ್ದು, ಖರ್ಚೂ ಕಡಿಮೆ. ಆಡಿಷನ್ ಶಿಬಿರಗಳು ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗುತ್ತವೆ.

ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ನಾನು ಇಲ್ಲಿಗೆ ಬಂದು ಎಷ್ಟೋ ವರ್ಷ ಕಳೆದರೂ ನನ್ನ ಗೆಳತಿಯರೆಲ್ಲ ಕನ್ನಡದವರೇ ಆಗಿದ್ದರು. ಅವರ ಬಗ್ಗೆ ನನಗೆ ಒಂದು ದೂರೂ ಇಲ್ಲ, ಅವರಿಲ್ಲದೆ ಬದುಕುತ್ತಿರಲಿಲ್ಲ. ಆದರೆ ಇದು ನನ್ನ ಊರು ಅಂತ ಅನಿಸಿದ್ದು ಆ ಲಾರಿಯಲ್ಲಿ. ರಾತ್ರಿ ಒಂದು ಗಂಟೆಗೆ ಓಹಿಯೊದ ರೈತ ಒಬ್ಬರು, ನಿವೃತ್ತ ನರ್ಸ್ ಒಬ್ಬರು, ನಾನು, ಮೂವರೂ ಸಾಲಾಗಿ ನಿಂತು ಪಾತ್ರೆ ಉಜ್ಜುತ್ತಿದ್ದೆವು. ನನ್ನ ಇಂಗ್ಲಿಷ್ ಬಗ್ಗೆ, ನನ್ನ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ. ನಾಳೆ ಬೆಳಗ್ಗೆ ಮೊಟ್ಟೆ ಎಷ್ಟು ಬೇಕು ಅಂತ ಕೇಳಿದರು. ಸ್ವಯಂಸೇವಕರು ಯಾವ ತಂಡಕ್ಕೂ ಸಾಲುವುದಿಲ್ಲ. ಒಂದು ವಾರ ಹೋಗಿ ಬನ್ನಿ.

ಮಗನನ್ನು ಕಳಿಸುವ ಮೊದಲು ಒಮ್ಮೆ ನನ್ನ ಜೊತೆ ಆಗಸ್ಟ್ ಫೈನಲ್ಸ್‌ಗೆ ಬನ್ನಿ. ಆ ವಾರದಲ್ಲಿ ಒಂದು ಹೊತ್ತು, ಅದು ಕೊನೆಯ ಬೇಸಿಗೆ ಆಗಿರುವ ಮಕ್ಕಳೆಲ್ಲ ಮೈದಾನದ ನಡುವೆ ಸೇರುತ್ತಾರೆ. ಅದಕ್ಕೆ 'ಏಜ್ ಔಟ್' ಅಂತಾರೆ. ಎಲ್ಲ ತಂಡಗಳ ಬಣ್ಣಗಳೂ ಅಲ್ಲಿ ಕಲೆತುಹೋಗಿರುತ್ತವೆ. ಮಗಳ ಸರದಿ ಬಂದಾಗ ನಾನು ಮೇಲೆ ಕೂತು ಅವಳನ್ನು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಕಂಡಳು. ಅವಳು ಅಪ್ಪಿಕೊಂಡು ಅಳುತ್ತಿದ್ದದ್ದು ಬಸ್ಸಿನ ಮೆಟ್ಟಿಲ ಹತ್ತಿರ ಎಯ್ಟ್ಸ್ ಬಾರಿಸಿದ ಆ ಹುಡುಗರಲ್ಲಿ ಒಬ್ಬನನ್ನು. ರಾತ್ರಿ ಹೊರಗೆ ಬಂದಾಗ ಅವಳ ಮೈಮೇಲೆ ಅವನ ತಂಡದ ಟೀ ಶರ್ಟ್ ಇತ್ತು, ಅವನ ಮೈಮೇಲೆ ಇವಳದ್ದು. ಬೆವರಿನ ವಾಸನೆ ಹೊಡೆಯುತ್ತಿತ್ತು. ಒಗೆಯೋಕೆ ಕೊಡು ಅಂದರೆ ಕೊಡಲಿಲ್ಲ.

ಫೈನಲ್ಸ್ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮನೆಗೆ ಬಂದುಬಿಡಿ. ಮೊಸರನ್ನ ಕಟ್ಟಿಕೊಳ್ಳುತ್ತೇನೆ, ಒಟ್ಟಿಗೇ ಹೋಗೋಣ.

ನಿಮ್ಮ ಅಕ್ಕ